ಕರ್ನಲ್‌ಗೆ ಹೆಣ್ಣು ಕೇಳುವ ಕಾಗದ

ಪಲಾಟ್ಕಾ, ಫ್ಲೋರಿಡಾ
ಮೇ ೯

ಸಮಸ್ತ ಸರ್ಪಪ್ರಿಯರೇ, ಬಣ್ಣಬಣ್ಣದ ಹಾವುಗಳ ಸಾಕುತಂದೆತಾಯಿಗಳೇ, ಫ್ರೀಜರಿನಲ್ಲಿ ಐಸ್‌ಕ್ರೀಮಿನ ಪಕ್ಕದಲ್ಲೇ ಹಾವಿನೂಟದ ಇಲಿ ಇಟ್ಟುಕೊಂಡೂ ಊರಲ್ಲಿ ಮರ್ಯಾದೆ ಉಳಿಸಿಕೊಂಡ ಮಹನೀಯರೇ, ಮತ್ತು ಈ ಮಹಾಸಭೆಯ ಏಕೈಕ ಸದಸ್ಯೆಯಾದ ರೊವೀನಾ,

ಇದನ್ನು ನಾನು ಹಾವು ಸಂಘದ ಅಧ್ಯಕ್ಷನಾಗಿ ಬರೆಯುತ್ತಿದ್ದೇನೆ, ಗಂಡನಾಗಿ ಅಲ್ಲ. ಗಂಡನಾಗಿ ಬರೆದ ಕಾಗದಗಳನ್ನೆಲ್ಲ ನಿನ್ನ ಅಕ್ಕ ಓಪಲ್ ಒಡೆಯದೆಯೇ ವಾಪಸ್ ಕಳಿಸಿದ್ದಾಳೆ. ಹಾವಿನ ವಿಚಾರವಾದರೆ ನೀನು ಲಕೋಟೆ ಒಡೆಯದೆ ಇರಲಾರೆ ಎಂಬ ಧೈರ್ಯದಿಂದ ಮೇಲುಗಡೆ ‘ಡಚೆಸ್ ಕುರಿತು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ.

ವಿಷಯ ಇಷ್ಟೆ. ನೀನು ಹೋಗುವಾಗ ನಿನ್ನ ಹೆಣ್ಣು ಹಾವು ಡಚೆಸ್ ದಿಂಬಿನ ಚೀಲದೊಳಗೆ ಕೂತು ನಿನ್ನ ಜೊತೆ ಹೋದಳು. ನನ್ನ ಕರ್ನಲ್ ಇಲ್ಲುಳಿದ. ಹೊರಗಿಂದ ನೋಡಿದರೆ ಇಬ್ಬರೂ ಪೊದೆಯಲ್ಲಿ ಸಿಗುವ ಯಾವುದೇ ಕಾರ್ನ್ ಹಾವಿನಂತೆ ಕೇಸರಿ ಮೈ, ಬೆನ್ನ ತುಂಬ ಕೆಂಪು ಚಕ್ಕೆ. ಒಳಗೆ ಮಾತ್ರ ಇಬ್ಬರ ರಕ್ತದಲ್ಲೂ ಅವರಜ್ಜಿಯ ನೇರಳೆ ಬಣ್ಣ ಅಡಗಿ ಕೂತಿದೆ. ಮರಿ ನೇರಳೆಯಾಗಬೇಕಾದರೆ ಅದು ಎರಡೂ ಕಡೆಯಿಂದ ಬರಬೇಕು. ಒಬ್ಬರೇ ಕೊಟ್ಟರೆ ಸಾಲದು. (ಇದು ಹಾವಿನ ಶಾಸ್ತ್ರ. ಬೇರೆ ಅರ್ಥ ಹುಡುಕಬೇಡ.)

ಆದಕಾರಣ ಡಚೆಸ್‌ಳನ್ನು ಈ ಋತುವಿನ ಮಟ್ಟಿಗೆ ಕರ್ನಲ್‌ನ ಬಳಿಗೆ ಕಳಿಸಿಕೊಡಬೇಕೆಂದು ಕೋರಿಕೆ. ನಮ್ಮವರ ವಾಡಿಕೆಯಂತೆ ಮರಿಗಳು ಹೊರಬಂದ ಮೇಲೆ ಇಬ್ಬರೂ ಎದುರುಬದುರು ಕೂತು ನನಗೊಂದು ನಿನಗೊಂದು ಎಂದು ಆರಿಸಿಕೊಳ್ಳುವುದು. ಮೊದಲ ಆಯ್ಕೆ ಹೆಣ್ಣಿನ ಕಡೆಯವರದು. ಎದುರುಬದುರು ಕೂರುವುದು ಕಡ್ಡಾಯ. ಫೋನಿನಲ್ಲಿ ಆರಿಸುವಂತಿಲ್ಲ. ಈ ನಿಯಮ ಈಗಷ್ಟೇ ಜಾರಿಗೆ ಬಂದಿದೆ.

ಹಿಂದೆ ಮೂರು ವಸಂತ ಅವರನ್ನು ಒಂದೇ ಪೆಟ್ಟಿಗೆಯಲ್ಲಿ ಬಿಟ್ಟೆವು, ನಿಜ. ಹೊಸೆದ ಹಗ್ಗದಂತೆ ಸುತ್ತಿಕೊಂಡು ಮಲಗುತ್ತಿದ್ದರೇ ಹೊರತು ಮೊಟ್ಟೆಯ ಸುಳಿವಿಲ್ಲ. ‘ನೋಡೇ, ಎಂಥ ಪ್ರೀತಿ!’ ಎಂದರೆ ನೀನು, ‘ಪ್ರೀತಿನೂ ಇಲ್ಲ ಗೀತಿನೂ ಇಲ್ಲ ಮಾರಾಯ, ಇಬ್ರೂ ಕೂತ್ಕೊಂಡು ನಿನ್ನ ಮೇಲೆ ಚಾಡಿ ಹೇಳ್ಕೋತಿದಾರೆ’ ಅಂದಿದ್ದೆ. ಬಾಲದ ಬಗ್ಗೆಯೂ ಏನೋ ಅಂದಂತಿತ್ತು. ಅಧ್ಯಕ್ಷರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಸಂಘದ ಮೀನೂಟದ ದಿನ. ಎಲ್ಲರೆದುರಿಗೆ ನಮ್ಮ ಖಜಾಂಚಿ ಹೋಯ್ಟ್, ‘ಏನಪ್ಪಾ ಡೆಲ್ಬರ್ಟ್, ನಿನ್ನ ಕರ್ನಲ್ಲು ಯುದ್ಧಕ್ಕೆ ಹೊರಡೋದು ಯಾವಾಗ?’ ಎಂದು ಕೆಣಕಿದ. ನಾನು, ‘ಕರ್ನಲ್‌ದೇನೂ ತಪ್ಪಿಲ್ಲ ಕಣೋ, ಅವಳ ಹೆಣ್ಣೇ ಬಂಜೆ’ ಎಂದುಬಿಟ್ಟೆ. ಎಲ್ಲರೂ ನಕ್ಕರು. ನೀನು ಫೋರ್ಕು ಕೆಳಗಿಟ್ಟು ಎದ್ದು ಹೋದೆ. ಈಗ ಹಾವಿನ ಪೆಟ್ಟಿಗೆಗಳಿರುವ ನಮ್ಮ ಹಿಂದಿನ ಕೋಣೆಗೆ ಒಂದು ಕಾಲದಲ್ಲಿ ತೊಟ್ಟಿಲು ಬರುತ್ತದೆಂದು ಕಾದು ಹಳದಿ ಬಣ್ಣ ಬಳಿದಿದ್ದೆವು ಎಂಬುದು ಆ ನಕ್ಕವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಇರಲಿ, ವರನ ವಿಚಾರಕ್ಕೆ ಬರೋಣ. ಕರ್ನಲ್ ಆರೋಗ್ಯವಾಗಿದ್ದಾನೆ. ಈಚೆಗೆ ಊಟ ಬಿಟ್ಟ, ಪೊರೆಯನ್ನೂ ಬಿಟ್ಟ, ಒದ್ದೆ ಪಾಚಿಯ ಡಬ್ಬಿ ಹೊಕ್ಕವನು ಹೊರಗೆ ಬರಲೊಲ್ಲೆನೆಂದ. ಹೊಟ್ಟೆ ತುಸು ಮುಂದೆ ಬಂದಿತ್ತು. ಪಾಪ, ವಿರಹ ಎಂದುಕೊಂಡೆ. ರೂಪದಲ್ಲಿ ರಾಜ, ಗತ್ತಿನಲ್ಲಿ ಗಜ, ಗಂಡುಗಳಲ್ಲೇ ಗಂಡು, ಇಂಥ ವರ ಈ ರಾಜ್ಯದಲ್ಲೇ

ಸಾಕು ರೊವೀನಾ. ಸಭೆ ಬರಖಾಸ್ತು.

ಮಂಗಳವಾರ ಬೆಳಿಗ್ಗೆ ಕರ್ನಲ್ ಮೊಟ್ಟೆ ಇಟ್ಟ. ಇಟ್ಟಳು. ಡಬ್ಬಿಯ ತುಂಬ ಮೊಟ್ಟೆ, ಹಿಡಿದುಕೊಂಡೆ ನಾನು ಹೊಟ್ಟೆ. ನಕ್ಕೆನೋ ಅತ್ತೆನೋ ಈಗಲೂ ತಿಳಿಯದು. ಗಂಡಿಲ್ಲದೆ ಇಟ್ಟ ಹಳದಿ ಜೊಳ್ಳು ಮೊಟ್ಟೆಗಳು, ಒಂದೂ ಮರಿಯಾಗುವುದಿಲ್ಲ. ಕರ್ನಲ್ ಮರಿಯಾಗಿದ್ದಾಗ ಬಾಲದ ಬುಡದೊಳಗೆ ಸೂಜಿಯಂಥ ಸಲಾಕೆ ಇಟ್ಟು ಆಳ ನೋಡಿ ಗಂಡೆಂದು ಸಾರಿದವನು ನಾನು. ‘ಬಾಲ ಬುಡದಿಂದ್ಲೇ ಸಣ್ಣಗಾಗಿದೆ, ಇದು ಹೆಣ್ಣು ಕಣೋ’ ಎಂದವಳು ನೀನು. ಇಬ್ಬರು ಹೆಂಗಸರನ್ನು ಒಂದೇ ಪೆಟ್ಟಿಗೆಗೆ ಹಾಕಿ ಮೂರು ವಸಂತ ಮರಿ ಕಾದು, ಕೊನೆಗೆ ತಪ್ಪನ್ನು ಡಚೆಸ್‌ಳ ತಲೆಗೆ ಕಟ್ಟಿದೆ. ಆ ಮಾತನ್ನು ನಾನು ಯಾರಿಗೂ ಆಡಬಾರದಿತ್ತು. ಹಾವಿಗೂ.

ನಿನ್ನೆ ಸಂಘದಲ್ಲಿ ಎದ್ದು ನಿಂತು, ಅದೇ ನಕ್ಕವರ ಮುಂದೆ, ಇದಿಷ್ಟನ್ನೂ ಹೇಳಿದೆ. ‘ಕರ್ನಲ್‌ಗೆ ಬಾಣಂತನದ ರಜೆ ಕೊಡ್ರಪ್ಪೋ!’ ಎಂದು ಹೋಯ್ಟ್ ಕೂಗಿದ. ಅಧ್ಯಕ್ಷಗಿರಿಯನ್ನು ಅವನಿಗೇ ಕೊಟ್ಟು ಬಂದೆ. ಹಾಗಾಗಿ ಈ ಕಾಗದ ಬರೆದವನು ಅಧ್ಯಕ್ಷನೂ ಅಲ್ಲ.

ಇಂತು,
ಡೆಲ್ಬರ್ಟ್

ತಾ.ಕ.: ಡಚೆಸ್‌ಳನ್ನು ಕಳಿಸಬೇಡ. ಇಲ್ಲಿ ಅವಳಿಗೇನೂ ಕೆಲಸವಿಲ್ಲ. ನೀನು ಬಾ.