ಸ್ವರ ನಡುಗಿಸುವ ಪಾಠ

ಮನೆಯಿಂದ,
ಮಾರ್ಚ್ ಹನ್ನೊಂದು, ಶನಿವಾರ ಮಧ್ಯಾಹ್ನ

ಪ್ರೀತಿಯ ನಿಮಗೆ ನಮಸ್ಕಾರ.

ನಿಮ್ಮ ಸೊಂಟನೋವು ಹೇಗಿದೆ? ಸೇತುವೆಯ ಮೇಲೆ ವೆಲ್ಡಿಂಗ್ ಮಾಡುವಾಗ ಕಪ್ಪು ಕನ್ನಡಕ ಹಾಕಿಕೊಳ್ಳುತ್ತೀರಿ ತಾನೇ? ಕಣ್ಣು ಕೆಂಪಾಗಿದೆ ಎಂದು ಬರೆದಿದ್ದಿರಿ. ಬೆಂಕಿಯಿಂದಲೋ ಬೇರೆ ಯಾವುದರಿಂದಲೋ ಎಂದು ನಾನು ಕೇಳುವುದಿಲ್ಲ. ಇಲ್ಲಿ ನಾನು ಚೆನ್ನಾಗಿದ್ದೇನೆ, ಹೊಲಿಗೆ ಕೈತುಂಬ ಇದೆ.

ಮಗಳ ಪಿಟೀಲು ಇರುವ ತನಕ ಮನೆಯೊಳಗೆ ಕಾಲಿಡಲಾರೆ, ಯಾರಿಗಾದರೂ ಕೊಟ್ಟುಬಿಡು ಎಂದಿದ್ದಿರಿ. ಕೊಡಲೆಂದೇ ಹೊರಟೆ. ಔಷಧಿ ಅಂಗಡಿಯ ಮಹಡಿಯಲ್ಲಿರುವ ಅವಳ ಮೇಷ್ಟ್ರು ಪೆಟ್ಟಿಗೆ ತೆರೆದು, ತಂತಿ ಬಿಗಿಮಾಡಿ, ನನ್ನ ಕೈಗೇ ಕೊಟ್ಟು, “ಒಂದು ಸಲ ಎಳೀರಮ್ಮ, ಆಮೇಲೆ ಕೊಡೋರಂತೆ” ಎಂದರು. ಆ ‘ಆಮೇಲೆ’ಗೆ ಈಗ ಎಂಟು ತಿಂಗಳು. ನಿಮಗೆ ಹೇಳಲು ಧೈರ್ಯ ಬರಲಿಲ್ಲ.

ಈಗ ಸ್ವರ ನಡುಗಿಸುವ ಪಾಠ. ಮೇಷ್ಟ್ರು ವೈಬ್ರಾಟೊ ಎನ್ನುತ್ತಾರೆ. ಬೆರಳು ತಂತಿಯ ಮೇಲೆ ಊರಿದಲ್ಲೇ ಇರಬೇಕು, ಮಣಿಕಟ್ಟು ಮಾತ್ರ ತೊಟ್ಟಿಲಿನಂತೆ ಹಿಂದೆ ಮುಂದೆ ತೂಗಬೇಕು. ಆಗ ಸ್ವರಕ್ಕೆ ಜೀವ ಬರುತ್ತದೆ. ನಮ್ಮ ಚಿನಕುರುಳಿ ಮಗಳು ಆ ಜ್ವರದಲ್ಲಿ ಹೋದ ಮೇಲೆ ಸೂಜಿಗೆ ದಾರ ಪೋಣಿಸಲಾಗದಷ್ಟು ನನ್ನ ಕೈ ನಡುಗುತ್ತಿತ್ತಲ್ಲ, ಅರ್ಧ ಪಾಠ ಬಂದೇಬಿಟ್ಟಿದೆ ಎಂದುಕೊಂಡಿದ್ದೆ. ಮೇಷ್ಟ್ರು ಕೇಳಿ, “ಇದು ಕೈ ನಿಮ್ಮನ್ನ ಆಡಿಸ್ತಿರೋದು. ನೀವು ಕೈನ ಆಡಿಸ್ಬೇಕು” ಎಂದರು. ಇನ್ನೊಂದು ನಗೆಪಾಟಲು ಕೇಳಿ. ಬೆರಳು ತೂಗಲು ಶುರುವಾದೊಡನೆ ನನ್ನ ಬಲಗಾಲು ತನ್ನ ಪಾಡಿಗೆ ಹೊಲಿಗೆ ಮಷೀನು ತುಳಿಯುತ್ತದೆ! ಸ್ವರವೂ ಟಕಟಕ ಓಡುತ್ತದೆ. “ಏನಮ್ಮ, ಸ್ವರಕ್ಕೆ ಅಂಚು ಹೊಲೀತಿದ್ದೀರಾ?” ಎಂದರು ಮೇಷ್ಟ್ರು. ನಕ್ಕುಬಿಟ್ಟೆ ರೀ. ವರ್ಷದ ಮೇಲೆ ಬಂದ ನಗು, ಕೇಳಿ ನಾನೇ ಬೆಚ್ಚಿದೆ. ಈಗ ಬಲಗಾಲನ್ನು ಎಡಗಾಲಿನಿಂದ ಮೆಟ್ಟಿಕೊಂಡೇ ನುಡಿಸುತ್ತೇನೆ.

ಹೋದ ಮಂಗಳವಾರ ಒಂದೇ ಒಂದು ಸ್ವರ ಸರಿಯಾಗಿ ನಡುಗಿತು. ಅವಳ ಹಾಗೆ ಕೇಳಿಸಲಿಲ್ಲ. ಅವಳ ಹಾಗೆ ಕೇಳಿಸೀತೆಂದು ಇಷ್ಟು ದಿನ ಹೆದರಿದ್ದೆ, ಕೇಳಿಸಲೆಂದು ಆಸೆಯೂ ಇತ್ತು. ಇದು ನನ್ನದೇ ಸ್ವರ, ತುಸು ಒರಟು. ಕಮಾನು ಮುಗಿಯುವ ತನಕ ಎಳೆದೆ. ಅಷ್ಟು ಹೊತ್ತೂ ಅವಳಿಲ್ಲ ಎಂಬುದನ್ನು ಮರೆಯಲಿಲ್ಲ, ಆದರೂ ಕೂತಿರಲು ಆಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಜೊತೆಯ ಕೆಲಸದವರಿಗೆಲ್ಲ ನಾನು ಕೇಳಿದೆನೆಂದು ಹೇಳಿ.

ನಿಮ್ಮವಳು

ಇಷ್ಟೆಲ್ಲ ಬರೆದು ಹೇಳಬೇಕಾದ್ದನ್ನೇ ಬಿಟ್ಟೆ. ಪಿಟೀಲು ಕೊಡುವುದಿಲ್ಲ. ಅದು ಮನೆಯಲ್ಲಿರುತ್ತದೆ, ನೀವೂ ಇರಬೇಕು. ಮಂಗಳವಾರ ನಾಲ್ಕರ ಬಸ್ಸಿಗೆ ಬನ್ನಿ. ಒಬ್ಬರೇ ಮನೆಯೊಳಗೆ ಹೋಗಲಾಗದಿದ್ದರೆ ಮೇಷ್ಟ್ರ ಮೆಟ್ಟಿಲ ಮೇಲೆ ಕೂತಿರಿ. ಪಾಠ ಮುಗಿಸಿ ಇಳಿದು ಬರುತ್ತೇನೆ, ಒಟ್ಟಿಗೆ ಹೋಗೋಣ.