ಡಾಕ್ಟರು ಕೇಳಿದ ಹೆಸರು

ಮಧುಗಿರಿ
೧೨-೩-೧೯೫೩

ಚಿರಂಜೀವಿ ಸೌಭಾಗ್ಯವತಿ ಗೌರಾಂಬೆಗೆ ನಿನ್ನ ತಾಯಿ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಸುದ್ದಿಯನ್ನು ನಿನ್ನ ಕಾಗದಕ್ಕಿಂತ ಮೊದಲೇ ಪಾವಗಡದ ಬಸ್ಸಿನಲ್ಲಿ ಬಂದವರು ಹೇಳಿದರು.

ಬೆಳಗಿನಿಂದ ಬಿಸಿಲು ಇಳಿಯುವವರೆಗೆ ಮೂರ್ಛೆ ಬಿಡಲಿಲ್ಲವಂತೆ. ಸೋಮವಾರ ನಿನ್ನ ಅತ್ತೆ ನಿನ್ನನ್ನು ಆ ಹೊರದೇಶದ ಡಾಕ್ಟರಿಗೆ ತೋರಿಸುತ್ತಾರೆ, ಬುದ್ಧಿ ಉಳಿದಿದೆ ಎಂದು ಅವರು ಹೇಳಿದರೆ ಇಟ್ಟುಕೊಳ್ಳುತ್ತಾರೆ, ಇಲ್ಲವೆಂದರೆ ಗಾಡಿ ಹತ್ತಿಸಿ ಇಲ್ಲಿಗೆ ಕಳಿಸುತ್ತಾರೆ ಎಂದು ಬರೆದಿದ್ದೀಯೆ. ಅಳುತ್ತ ಬರೆದಿದ್ದೀಯೆ, ಅಕ್ಷರವೆಲ್ಲ ಕಲಸಿಹೋಗಿದೆ. ಇಷ್ಟು ಬರೆಯಬಲ್ಲವಳಿಗೆ ಬುದ್ಧಿ ಹೋಗಿಲ್ಲ. ಆದರೆ ನಿನ್ನ ಅತ್ತೆಗೆ ಬೇಕಾದದ್ದು ಡಾಕ್ಟರ ಮಾತು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಮಾಡಿದ್ದೇನೆ.

ಹೋದ ವರ್ಷ ನಿನ್ನ ಅತ್ತಿಗೆ ಸಿದ್ದಗಂಗಮ್ಮನನ್ನು ತವರಿಗೆ ಕಳಿಸಿದಾಗ, ನನ್ನದು ಕಲ್ಲು ಮನಸ್ಸು ಎಂದು ಬರೆದವಳು ನೀನು. ಈಗ ಅವಳ ಗತಿಯೇ ನಿನಗೂ ಬರುತ್ತದೆಯೇ ಎಂದು ಕೇಳಿದ್ದೀಯೆ. ಅವತ್ತು ನಡೆದದ್ದನ್ನು ತಿಳಿದುಕೋ.

ಅವಳೂ ಹೀಗೇ ಒಲೆಯ ಮುಂದೆ ಬಿದ್ದಳು. ಕೈಗೆ ಬೀಗದ ಕೈ ಗೊಂಚಲು ಕೊಟ್ಟೆವು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದೆವು. ಬಿಡಲಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಮೇಲೆ ನಿಂತಿತು. ಇಷ್ಟು ಹೊತ್ತು ಹಿಡಿದ ಮೂರ್ಛೆ ಕೆಲವರನ್ನು ಕೊಲ್ಲುತ್ತದೆ, ಕೆಲವರ ಬುದ್ಧಿಯನ್ನಷ್ಟೇ ಕೊಂಡೊಯ್ಯುತ್ತದೆ, ಕೆಲವರನ್ನು ಏನೂ ಮಾಡದೆ ಬಿಡುತ್ತದೆ ಎಂದರು ಅದೇ ಡಾಕ್ಟರು. ಎಚ್ಚರವಾದ ಮೇಲೆ ನಾಲ್ಕು ಮಾತು ಕೇಳಿ ನೋಡಿದರೆ ಮುಂದಿನದನ್ನು ಹೇಳಬಹುದಂತೆ.

ಅವಳಿಗೆ ಎಚ್ಚರವಾಯಿತು. ಡಾಕ್ಟರು ತಮ್ಮ ಮುರುಕು ಕನ್ನಡದಲ್ಲಿ, ನಿನ್ನ ಅಣ್ಣ ಶಂಕರಲಿಂಗಪ್ಪನನ್ನು ತೋರಿಸಿ, ಇವನ ಹೆಸರೇನು ಎಂದು ಕೇಳಿದರು. ಸುಮ್ಮನಿದ್ದಳು. ನನ್ನನ್ನು ತೋರಿಸಿದರು. ಸೆರಗು ಎಳೆದುಕೊಂಡಳು. ಕಡೆಗೆ ಮಗುವನ್ನು ಎತ್ತಿ ತೋರಿಸಿದರು. ನಿನ್ನ ತಂದೆಯ ಹೆಸರಿಟ್ಟ ಮಗು. ಅದನ್ನು ನೋಡಿ ನಕ್ಕಳು, ಹೆಸರು ಮಾತ್ರ ಹೇಳಲಿಲ್ಲ. ಹೆತ್ತ ಮಗುವಿನ ಹೆಸರೂ ಅಳಿಸಿಹೋಗಿದೆ, ಇನ್ನು ಇವಳಿಗೆ ಸಂಸಾರ ಮಾಡುವ ಬುದ್ಧಿ ಬರುವುದಿಲ್ಲ ಎಂದರು. ನಿನ್ನ ಅಣ್ಣ ನನ್ನ ಮುಖ ನೋಡಿದ. ನಾನು ಡಾಕ್ಟರಿಗೆ ಕೈ ಮುಗಿದು ಎದ್ದೆ.

ಅವಳನ್ನು ಮಿಡಿಗೇಶಿಯ ತವರಲ್ಲಿ ಬಿಟ್ಟು ಬಂದೆವು. ಮಗು ನಮ್ಮದು, ಇಲ್ಲಿದೆ. ಅವಳಪ್ಪ ನಂದೀಶ್ವರಯ್ಯ ಒಂದು ದಿನ ಬಂದು ಬಾಗಿಲಲ್ಲಿ ನಿಂತರು. ‘ನನ್ನ ಮಗಳು ನೆಟ್ಟಗವ್ಳೆ ಕಣಮ್ಮ. ಒಂದ್ಸಲ ಬಂದು ಮಾತಾಡ್ಸಿ ನೋಡಿ’ ಎಂದರು. ‘ನೆಟ್ಟಗಿದ್ರೆ ಒಳ್ಳೇದೇ ಆಯ್ತು, ನಿಮ್ಮನೇಲೇ ಇರ್ಲಿ ಬುಡಿ’ ಎಂದೆ. ವೈಶಾಖದಲ್ಲಿ ನಿನ್ನ ಅಣ್ಣನಿಗೆ ತೋವಿನಕೆರೆಯ ಹುಡುಗಿ ಬರುತ್ತಾಳೆ. ಬೇಡ ಎನ್ನುವ ಬಾಯಿ ಅವನಿಗಿಲ್ಲ.

ಚಿಕ್ಕವಳಿದ್ದಾಗ ನಿನಗೊಮ್ಮೆ ಮೂರ್ಛೆ ಬಂದದ್ದನ್ನು ಅಲ್ಲಿ ಬಾಯಿಬಿಡಬೇಡ. ಆ ರೋಗ ನಮ್ಮ ವಂಶದಲ್ಲಿಲ್ಲ ಎಂದು ಮದುವೆಯ ಮಾತುಕತೆಯಲ್ಲಿ ಹೇಳಿದ್ದೇನೆ. ಡಾಕ್ಟರು ಬುದ್ಧಿಯಿಲ್ಲ ಎಂದ ಸೊಸೆಯನ್ನು ಇಟ್ಟುಕೊಳ್ಳಲಾಗದು ಎಂದು ಊರೆದುರು ಆಡಿದವಳು ನಾನು. ಅಂಥ ಮಗಳನ್ನು ಇಟ್ಟುಕೊಂಡೆ ಎಂದು ಅದೇ ಊರಿನಿಂದ ಅನ್ನಿಸಿಕೊಳ್ಳಲಾರೆ. ಇಲ್ಲಿಗೆ ಬರುವ ಯೋಚನೆ ಇಟ್ಟುಕೊಳ್ಳಬೇಡ.

ಇತಿ ನಿನ್ನ ತಾಯಿ,
ದೇವೀರಮ್ಮ

ತಾ. ಕ.: ಆ ಡಾಕ್ಟರು ಮೊದಲು ಕೇಳುವುದು ಗಂಡನ ಹೆಸರು. ನಿನ್ನ ಅತ್ತೆ ಪಕ್ಕದಲ್ಲೇ ನಿಂತಿರುತ್ತಾರೆ, ಆದರೂ ತಲೆ ತಗ್ಗಿಸಬೇಡ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಕಲಿಸಿದವಳು ನಾನೇ. ಕಡಿಮೆಯಾದರೆ ಆಗಲಿ. ಚನ್ನಮಲ್ಲಯ್ಯ ಎಂದು ಗಟ್ಟಿಯಾಗಿ ಹೇಳು. ಅವತ್ತು ಆಸ್ಪತ್ರೆಯಿಂದ ಹಿಂದಿರುಗುವಾಗ ಗಾಡಿಯಲ್ಲಿ ಸಿದ್ದಗಂಗಮ್ಮ ಮೆಲ್ಲಗೆ ಕೇಳಿದ್ದಳು: ‘ನಿಮ್ಮೆದುರಿಗೆ ಗಂಡನ ಹೆಸ್ರು, ಮಾವನ ಹೆಸ್ರೆಲ್ಲ ಹೆಂಗೆ ಹೇಳೋದು ಅತ್ತೆಮ್ಮ? ನಾನು ಸುಮ್ಕಿದ್ದಿದ್ದು ಸರಿಯಾಯ್ತಲ್ವಾ?’ ಸರಿಯಾಯಿತು ಎಂದು ಹೇಳಿದೆ.