ಏಳನೇ ಬ್ಯಾಚಿನ ಬೀಗ

ಮಾರ್ಚ್ 4, ಬೆಳಿಗ್ಗೆ 11

ಬೆಳಿಗ್ಗೆಯಿಂದ ನಾಲ್ಕು ಬೀಗ. ಒಂದಕ್ಕೆ ಎಣ್ಣೆ ಸಾಕಿತ್ತು. ಇನ್ನೊಂದು ಶುದ್ಧ ತಗಡು, ತಿಪ್ಪೆಗೆ ಹಾಕಿ ಎಂದೆ. ಗಿರಾಕಿ ಮುಖ ಊದಿಸಿಕೊಂಡು ಹೋದ. ಹೋಗಲಿ.

ಆಮೇಲೆ ಶಾಲೆಯ ಹೆಡ್‌ಮಿಸ್. ಆರು ವರ್ಷದ ಹಿಂದೆ ನನ್ನಲ್ಲೇ ಕೊಂಡ ಎರಡು ಬೀಗ ತಂದಿದ್ದರು. ಒಂದರ ಕೀಲಿ ಕಳೆದಿದೆಯಂತೆ. ಜೋಪಾನ ಬರದವರಿಗೆ ಬೀಗ ಯಾಕೆ ಎಂದು ಗೊಣಗುತ್ತಾ, ಒಳಗೆ ಎಷ್ಟು ಬಿಗಿದಿದೆ ನೋಡೋಣವೆಂದು ಇನ್ನೊಂದರ ಕೀಲಿ ಅದಕ್ಕೆ ತೂರಿಸಿದೆ.

ತೆರೆದುಕೊಂಡಿತು!

ಎರಡರ ಬೆನ್ನಲ್ಲೂ ನನ್ನದೇ ಅಚ್ಚು – 7. ನನ್ನ ತಮ್ಮನನ್ನು ಜೈಲಿಗೆ ಹಾಕಿಸಿದ ಗೋದಾಮಿನ ಬೀಗವೂ ಏಳನೇ ಬ್ಯಾಚೇ... ಕೀಲಿ ಅವರ ಕೈಗೇ ಕೊಟ್ಟು, ಯಾರಿಗೂ ಕೊಡಬೇಡಿ, ನನಗೂ ಕೊಡಬೇಡಿ ಎಂದು ಹೇಳಿ ತಮ್ಮನ ಲಾಯರಮ್ಮನ ಆಫೀಸಿಗೆ ಓಡಿದೆ. ಅರವತ್ತೆಂಟರ ಮಂಡಿ ಇಷ್ಟು ಓಡುತ್ತದೆಂದು ಗೊತ್ತೇ ಇರಲಿಲ್ಲ.

ಅದೇ ದಿನ, ಸಂಜೆ

ಲಾಯರಮ್ಮ ಮೊದಲಿನಿಂದ ಹೇಳಿಸಿದಳು. ಹೇಳಿದೆ. ನನ್ನ ತಮ್ಮ ಆ ಗೋದಾಮಿನಲ್ಲಿ ಗುಮಾಸ್ತ. ಒಳಗೆ ಯಜಮಾನನ ಹೆಣ, ಪೆಟ್ಟಿಗೆ ಖಾಲಿ, ಹೊರಗೆ ಬೀಗ ಹಾಕಿದ ಹಾಗೇ ಇತ್ತು. ನನ್ನ ಬೀಗ ಹಾಕಲೂ ಕೀಲಿ ಬೇಕು. ಇದ್ದದ್ದು ಎರಡೇ – ಒಂದು ಸತ್ತವನ ಸೊಂಟದಲ್ಲಿ, ಒಂದು ತಮ್ಮನ ಜೇಬಿನಲ್ಲಿ. ಕೊಲೆ, ದರೋಡೆ, ಜೀವಾವಧಿ. ಬೇರೆ ಕೀಲಿಗೆ ತೆರೆಯುತ್ತದಾ ಎಂದು ಅಂದು ಕೋರ್ಟಿನಲ್ಲಿ ಸರ್ಕಾರಿ ವಕೀಲ ಕೆಣಕಿದಾಗ ಎದೆಯುಬ್ಬಿಸಿ, ಸಾಧ್ಯವೇ ಇಲ್ಲ ಎಂದವನು ನಾನು.

ಕೆಲಸದ ರೀತಿಯನ್ನೂ ಹೇಳಿದೆ. ಹನ್ನೆರಡು ಬೀಗದ ಲಿವರ್‌ಗಳನ್ನು, ಅಂದರೆ ಕೀಲಿ ಎತ್ತುವ ಒಳಪಟ್ಟಿಗಳನ್ನು, ಒಟ್ಟಿಗೆ ಪೇರಿಸಿ ಅರ ಹಾಕುತ್ತೇನೆ. ಆಮೇಲೆ ಅವುಗಳ ಸಾಲು ಅದಲುಬದಲು ಮಾಡಿ ಜೋಡಿಸಬೇಕು. ಆಗಲೇ ಒಂದೊಂದಕ್ಕೆ ಒಂದೊಂದು ಕೀಲಿ. ಏಳನೇ ಬ್ಯಾಚು ಮಾಡಿದ ತಿಂಗಳು ಹೆಂಡತಿ ಆಸ್ಪತ್ರೆಯಲ್ಲಿ ಕೊನೆ ದಿನ ಎಣಿಸುತ್ತಿದ್ದಳು. ಅದಲುಬದಲು ಮಾಡಿಯೇ ಇಲ್ಲ. ಆ ಬ್ಯಾಚಿನ ನಾಲ್ಕು ಬೀಗ ಆ ಗೋದಾಮಿನ ಅಕ್ಕಪಕ್ಕಕ್ಕೇ ಹೋಗಿವೆ, ಅವುಗಳ ಕೀಲಿಗೂ ಅದು ತೆರೆಯುತ್ತದೆ!

ಕೊಂದವನು ಯಾರೆಂದು ನಾವು ಹೇಳಬೇಕಿಲ್ಲವಂತೆ. ತಮ್ಮನ ಮೇಲೆ ಆ ಕೀಲಿ ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲವಂತೆ. ಲಾಯರಮ್ಮ ಬರೆದುಕೊಳ್ಳುವ ಭರದಲ್ಲಿ ಪೆನ್ನಿನ ಮುಳ್ಳು ಮುರಿದಳು.

ಮಾರ್ಚ್ 5

ನಾದಿನಿಗೆ, ತಮ್ಮನ ಹೆಂಡತಿಗೆ, ಹೇಳಿ ಬಂದೆ. ಬಟ್ಟೆ ಹಿಂಡುತ್ತಲೇ ಕೇಳಿದಳು.

“ನಾಲ್ಕೇ ವರ್ಷಕ್ಕೆ ಹೊಳೀತಲ್ಲ ಭಾವ, ಪುಣ್ಯ.”

ಇನ್ಯಾರಾದರೂ ಅಂದಿದ್ದರೆ ಸುಮ್ಮನಿರುತ್ತಿರಲಿಲ್ಲ. ಹಿಂಡಿದ ಬಟ್ಟೆ ತೆಗೆದು ಹಗ್ಗಕ್ಕೆ ಹಾಕಿದೆ. ಕೋರ್ಟಿನಲ್ಲಿ ಎಲ್ಲರೆದುರು ಹೇಳಿದರೆ ಅಂಗಡಿಯ ಗತಿ ಏನು ಎಂದಳು. ಅಂಗಡಿ ಹಾಳು ಬೀಳಲಿ ಎಂದೆ. ಆಗ ಹಿಂಡುವುದು ನಿಲ್ಲಿಸಿದಳು.

ಏಪ್ರಿಲ್ 18, ಮಧ್ಯಾಹ್ನ

ಕೋರ್ಟ್ ಕ್ಯಾಂಟೀನಿನಲ್ಲಿ ಬರೆಯುತ್ತಿದ್ದೇನೆ.

ಸರ್ಕಾರಿ ವಕೀಲ ಹಾರಾಡಿದ – ಅಣ್ಣ ಕೂತು ತಮ್ಮನಿಗಾಗಿ ಕೀಲಿ ತಿದ್ದಿದ್ದಾನೆ ಎಂದ. ಹೆಡ್‌ಮಿಸ್ ಕಟಕಟೆಯಲ್ಲಿ ನೆಟ್ಟಗೆ ನಿಂತು, ಈ ಕೀಲಿ ಆರು ವರ್ಷದಿಂದ ನನ್ನ ಗೊಂಚಲಿನಲ್ಲೇ ಇದೆ ಎಂದರು. ಅವನು ತಪ್ಪು ಲೆಕ್ಕ ಮಾಡಿದ ಮಗುವಿನ ಹಾಗೆ ಕೂತ. ಗೋದಾಮಿನ ಬೀಗದ ಸೀಲು ಒಡೆದು, ಕೋರ್ಟಿನ ಗುಮಾಸ್ತನೇ ಆ ಕೀಲಿ ಹಾಕಿ ತಿರುಗಿಸಿದ.

ಕಟಕ್!

ನನ್ನ ಜನ್ಮದಲ್ಲಿ ನನ್ನ ಬೀಗ ಸೋತದ್ದಕ್ಕೆ ಇಷ್ಟು ಕುಣಿಯುವ ಹಾಗಾಗಿರಲಿಲ್ಲ. ಹಿರಿಯ ಜಡ್ಜ್ ಕೇಳಿದರು, ಅಂದು ಯಾಕೆ ಹಾಗೆ ಹೇಳಿದಿರಿ?

“ಸೊಕ್ಕು, ಸ್ವಾಮಿ. ಕೆಲಸದ ಸೊಕ್ಕು. ಯೋಚನೆ ಮಾಡ್ಲಿಲ್ಲ.”

ಜೂನ್ 20

ಶಿಕ್ಷೆ ರದ್ದು! ರದ್ದು! ನಾದಿನಿ ಲಾಯರಮ್ಮನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಏಪ್ರಿಲ್‌ನಿಂದ ಅಂಗಡಿಗೆ ಬಂದವರೆಲ್ಲ ಬೀಗ ವಾಪಸು ಕೊಡಲು ಬಂದವರೇ. ಬರಲಿ.

ಜೂನ್ 22, ಬೆಳಿಗ್ಗೆ 10.40

ಜೈಲಿನೆದುರಿನ ಕಲ್ಲುಬೆಂಚು. ಆದೇಶ ತಲುಪಿದೆಯಂತೆ. ನಾದಿನಿ ಗೇಟಿಗೇ ಅಂಟಿ ನಿಂತಿದ್ದಾಳೆ. ಕಾವಲಿನವನು ಎರಡು ಸಲ ಗದರಿದ, ಕಿವಿಗೇ ಹಾಕಿಕೊಳ್ಳಲಿಲ್ಲ.

ತಮ್ಮನಿಗೆ ಏನು ಹೇಳಲಿ? ಕೋರ್ಟಿನಲ್ಲಿ ಸುಲಭ, ಕೇಳಿದ್ದಕ್ಕೆ ಉತ್ತರ. ಇಲ್ಲಿ ಕೇಳದೆಯೇ ಹೇಳಬೇಕು. ಅವನು ಚಡ್ಡಿ ಹಾಕುತ್ತಿದ್ದಾಗಿನಿಂದ ಬೈದೇ ಗೊತ್ತು ನನಗೆ. ತಪ್ಪಾಯ್ತು ಕಣೋ... ಎರಡು ಸಲ ಮೆಲ್ಲಗೆ ಹೇಳಿ ನೋಡಿದೆ. ಪಕ್ಕದ ಮುದುಕ ಏನು ಎಂದ. ನಿನಗಲ್ಲ ಎಂದೆ.

ಚಿಕ್ಕ ಬಾಗಿಲು ಅಲ್ಲಾಡಿತು. ಬಂದ. ಎಷ್ಟು ಸಣ್ಣಗಾಗಿದ್ದಾನೆ. ನಾದಿನಿ ಅವನ ತೋಳು ಹಿಡಿದು ಈ ಬೆಂಚಿನ ಕಡೆ ಕೈ ತೋರಿಸುತ್ತಿದ್ದಾಳೆ. ನೋಡಿದ. ಚೀಲ ಅವಳಿಗೆ ಕೊಟ್ಟ. ನೇರ ಇತ್ತಲೇ ಬರುತ್ತಿದ್ದಾ –